ಅಭಿಪ್ರಾಯಕ್ಕೂ ಉಂಟು ಬೆಲೆ, ಆದರೆ ಯಾರದ್ದಕ್ಕೆ?

‘ಮನೆಯಲ್ಲೇ ಕುಳಿತು ಸರ್ವೆ ತುಂಬಿ, ತಿಂಗಳಿಗೆ 30 ಸಾವಿರ ಗಳಿಸಿ’ – ಇಂಥ ಮೆಸೇಜ್ ಬಾರದ ಕಾಲೇಜು ವಾಟ್ಸ್‌ಆ್ಯಪ್ ಗ್ರೂಪ್ ಹುಡುಕಿದರೂ ಸಿಗಲಿಕ್ಕಿಲ್ಲ. ಮೆಸ್ ಬಿಲ್, ಪರೀಕ್ಷಾ ಶುಲ್ಕ, ಮೊಬೈಲ್ ರೀಚಾರ್ಜ್ ಎಂದು ಪ್ರತಿ ತಿಂಗಳೂ ಅಪ್ಪನಿಗೆ ಫೋನ್ ಮಾಡಲು ಸಂಕೋಚಪಡುವ ವಯಸ್ಸು ನಮ್ಮದು. ಹಾಗಾಗಿ ಲಿಂಕ್ ಒತ್ತುವವರಿಗೆ ಕೊರತೆಯಿಲ್ಲ. ಸೋಪು, ಶಾಂಪೂ, ಬಿಸ್ಕತ್ತಿನ ಬಗ್ಗೆ ಗಂಟೆಗಟ್ಟಲೆ ಉತ್ತರ ಕೊಟ್ಟವರ ಕೈಗೆ ಕೊನೆಗೆ ಬರುವುದು ಚಹಾ–ಬನ್ನಿನ ಖರ್ಚಿಗೆ ಸಾಲುವಷ್ಟರ ಒಂದು ಕೂಪನ್ನು, ಅಷ್ಟೇ. ಕೆಲವರಿಗೆ ಅದೂ ಇಲ್ಲ, ಇದ್ದದ್ದೂ ಹೋಗಿರುತ್ತದೆ.

ಇದೇ ಸರ್ವೆ ಲೋಕದಲ್ಲಿ ಇನ್ನೊಂದು ಕೋಣೆಯಿದೆ. ಅಲ್ಲಿ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು, ಲ್ಯಾಬ್ ತಂತ್ರಜ್ಞರು ಬಿಡುವಿನ ವೇಳೆಯಲ್ಲಿ ಪ್ರಶ್ನಾವಳಿ ತುಂಬುತ್ತಾರೆ, ಫೋನಿನಲ್ಲಿ ಸಂದರ್ಶನ ಕೊಡುತ್ತಾರೆ. ಅದಕ್ಕೆ ಸಂಭಾವನೆಯೂ ಬರುತ್ತದೆ. ಅದು ಕದ್ದುಮುಚ್ಚಿ ನಡೆಯುವ ವ್ಯವಹಾರವೇನಲ್ಲ. ಜಗತ್ತಿನ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳು ಅದರಲ್ಲಿವೆ. ಒಂದೇ ಹದಿನೈದು ನಿಮಿಷ, ಒಂದೇ ಮೊಬೈಲ್ ಪರದೆ. ಅವರಿಗೇಕೆ ದುಡ್ಡು, ನಮಗೇಕೆ ಬರೀ ಕೂಪನ್ನು? ಈ ಪ್ರಶ್ನೆಗೆ ಉತ್ತರ ತಿಳಿದವರು ಮೋಸ ಹೋಗುವುದು ಕಷ್ಟ. ಕೆಲಸ ಹುಡುಕುವವರಿಗಂತೂ ಅದರಲ್ಲಿ ಒಂದೆರಡು ದಾರಿಗಳೂ ಕಾಣಿಸಬಹುದು.

ಕೇಳುವವರು ಯಾರು?

ಸೋಪನ್ನು ಯಾವುದು ಕೊಳ್ಳಬೇಕೆಂದು ನಿರ್ಧರಿಸುವವರು ನಾವೇ. ಹಾಗಾಗಿ ಸೋಪಿನ ಕಂಪನಿಗೆ ಉತ್ತರ ಕೊಡಬಲ್ಲವರು ಕೋಟಿಗಟ್ಟಲೆ ಇದ್ದಾರೆ. ನೀವು ಬೇಡವೆಂದರೆ ಪಕ್ಕದ ಮನೆಯವರು ಸಿಗುತ್ತಾರೆ. ಔಷಧದ ವಿಷಯ ಹಾಗಲ್ಲ. ಮಾತ್ರೆ ನುಂಗುವವರು ರೋಗಿ, ದುಡ್ಡು ಕೊಡುವವರು ರೋಗಿಯ ಮನೆಯವರು. ಆದರೆ ಯಾವ ಮಾತ್ರೆ ಎಂದು ಚೀಟಿ ಬರೆಯುವವರು ವೈದ್ಯರು. ಅಪರೂಪದ ಕಾಯಿಲೆಯಾದರೆ ಅದಕ್ಕೆ ಚಿಕಿತ್ಸೆ ಕೊಡುವ ತಜ್ಞರು ಇಡೀ ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ ಇರುತ್ತಾರೆ. ಅವರ ಅರ್ಧ ಗಂಟೆ ಸಿಗುವುದೇ ಕಷ್ಟ. ಸಿಗುವುದು ಕಷ್ಟವಾದ ಮೇಲೆ ಬೆಲೆ ಏರಲೇಬೇಕಲ್ಲ!

ಔಷಧ ಕಂಪನಿಗಳಿಗೆ ‘ಎಷ್ಟು ಮಾರಾಟವಾಯಿತು’ ಎಂಬ ಲೆಕ್ಕಕ್ಕೆ ಬಹಳ ಹಿಂದಿನಿಂದಲೂ ದಾರಿಯಿದೆ. ಅಮೆರಿಕದಲ್ಲಿ 1954ರಲ್ಲಿ ಆರಂಭವಾದ ಐಎಂಎಸ್ ಎಂಬ ಸಂಸ್ಥೆ ಔಷಧ ಮಾರಾಟದ ಅಂಕಿಅಂಶ ಕಲೆಹಾಕಿ ಮಾರುವುದನ್ನೇ ಉದ್ಯಮ ಮಾಡಿಕೊಂಡಿತು. ಅದು 2016ರಲ್ಲಿ ಕ್ವಿಂಟೈಲ್ಸ್ ಜೊತೆ ಸೇರಿ, ಮರುವರ್ಷ ‘ಐಕ್ಯೂವಿಯಾ’ ಎಂಬ ಹೆಸರು ಪಡೆಯಿತು. ಆದರೆ ಅಂಕಿಅಂಶ ಹೇಳುವುದು ‘ಏನು’ ಎಂಬುದನ್ನು ಮಾತ್ರ. ಈ ವೈದ್ಯರು ಹೊಸ ಮಾತ್ರೆ ಬಿಟ್ಟು ಹಳೆಯದನ್ನೇ ಬರೆದದ್ದು ಏಕೆ? ಬೆಲೆಯೋ, ಅಡ್ಡಪರಿಣಾಮದ ಭಯವೋ, ಅಥವಾ ಆ ಊರಿನ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇಲ್ಲವೋ? ಈ ‘ಏಕೆ’ಗೆ ಉತ್ತರ ಬೇಕೆಂದರೆ ವೈದ್ಯರನ್ನೇ ಕೇಳಬೇಕು.

ಹಾಗೆ ಕೇಳಲು ಹುಟ್ಟಿಕೊಂಡದ್ದೇ ವೈದ್ಯರ ‘ಪ್ಯಾನೆಲ್‌’ಗಳು. ಜಪಾನಿನಲ್ಲಿ 2000ರಲ್ಲಿ ಶುರುವಾದ ‘ಎಂ3’ ಈಗ ಈ ಕ್ಷೇತ್ರದ ದೊಡ್ಡ ಹೆಸರು. ತನ್ನ ಜಾಲದಲ್ಲಿ ಜಗತ್ತಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ವೈದ್ಯರಿದ್ದಾರೆ ಎಂದು ಅದು ಹೇಳಿಕೊಳ್ಳುತ್ತದೆ. ಭಾರತದಲ್ಲೂ ಅದು ಕೆಲಸ ಮಾಡುತ್ತಿದೆ. ಅಮೆರಿಕದ ‘ಸರ್ಮೊ’ದ ಕಥೆ ಇನ್ನೂ ಸ್ವಾರಸ್ಯಕರ. ಡೇನಿಯಲ್ ಪಾಲೆಸ್ಟ್ರಾಂಟ್ ಎಂಬ ವೈದ್ಯರು 2005ರಲ್ಲಿ ಅದನ್ನು ಕಟ್ಟಿದಾಗ ಇದ್ದ ಆಲೋಚನೆ ಔಷಧಗಳ ಅಡ್ಡಪರಿಣಾಮ ವರದಿ ಮಾಡುವ ವ್ಯವಸ್ಥೆಯದು. ಮುಂದೆ ಅದು ವೈದ್ಯರು ವೈದ್ಯರೊಂದಿಗೆ ಮಾತನಾಡುವ ಜಾಲವಾಯಿತು. ಆ ಮಾತಿಗೆ ಹೊರಗಿನವರು ಬೆಲೆ ಕೊಡಲು ಸಿದ್ಧರಿದ್ದರು. ‘ಸರ್ಮೊ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮಾತುಕತೆ ಎಂದೇ ಅರ್ಥ.

ಕೇಳುವುದು ವೈದ್ಯರನ್ನಷ್ಟೇ ಎಂದುಕೊಳ್ಳಬೇಡಿ. ಕ್ಯಾನುಲಾ ಚುಚ್ಚುವಾಗ ಯಾವ ಹಿಡಿಕೆ ಕೈಗೆ ಒಗ್ಗುತ್ತದೆ, ಐಸಿಯು ಯಂತ್ರದ ಅಲಾರಂ ಪದೇಪದೇ ಸುಮ್ಮನೆ ಕೂಗಿದರೆ ಏನಾಗುತ್ತದೆ ಎಂಬುದು ರಾತ್ರಿ ಪಾಳಿಯ ನರ್ಸ್‌ಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ. ಒಂದೇ ಬಣ್ಣದ ಎರಡು ಪೆಟ್ಟಿಗೆಗಳಿಂದ ಎಷ್ಟು ಗೊಂದಲವಾಗುತ್ತದೆ ಎಂಬುದು ಫಾರ್ಮಸಿಸ್ಟ್‌ಗೆ ಗೊತ್ತು. ಇಂಥ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇರುವುದಿಲ್ಲ. ವೈದ್ಯಕೀಯ ಉಪಕರಣ ತಯಾರಿಸುವ ಎಂಜಿನಿಯರ್‌ಗಳು ಕೊನೆಗೆ ಬಂದು ನಿಲ್ಲುವುದು ಇವರ ಮುಂದೆಯೇ.

ಒಳಗೆ ನಡೆಯುವುದೇನು?

ನಮ್ಮ ದೊಡ್ಡಮ್ಮನ ಮಗಳು ದಾವಣಗೆರೆಯಲ್ಲಿ ಖಾಸಗಿ ವೈದ್ಯೆ. ಎಂ.ಡಿ. ಮುಗಿಸಿ ಒಂಬತ್ತು ವರ್ಷವಾಯಿತು. ಅವಳ ಕ್ಲಿನಿಕ್ಕಿಗೆ ಬರುವವರಲ್ಲಿ ಮಧುಮೇಹಿಗಳೇ ಹೆಚ್ಚು. ತಿಂಗಳಲ್ಲಿ ಮೂರ್ನಾಲ್ಕು ಬಾರಿ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಇಂಥ ಸರ್ವೆಗೆ ಕೂರುತ್ತಾಳೆ. ‘ಇದೆಲ್ಲ ಹೇಗೆ ನಡೆಯುತ್ತದಕ್ಕಾ?’ ಎಂದು ಕೇಳಿದಾಗ ಅವಳು ಹೇಳಿದ್ದು, ‘ದುಡ್ಡು ಕೊಡೋದು ಆಮೇಲೆ ಕಣೋ ತಮ್ಮಾ, ಮೊದಲು ನನ್ನನ್ನೇ ಪರೀಕ್ಷೆ ಮಾಡ್ತಾರೆ!’

ಆ ಪರೀಕ್ಷೆಗೆ ‘ಸ್ಕ್ರೀನರ್’ ಎಂದು ಹೆಸರು. ಪ್ಯಾನೆಲ್‌ಗೆ ಸೇರುವಾಗಲೇ ನೋಂದಣಿ ಸಂಖ್ಯೆ ಕೊಡಬೇಕು. ಕರ್ನಾಟಕದ ವೈದ್ಯರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, ನರ್ಸ್‌ಗಳಿಗೆ ನರ್ಸಿಂಗ್ ಪರಿಷತ್ತಿನದು, ಫಾರ್ಮಸಿಸ್ಟ್‌ಗಳಿಗೆ ಫಾರ್ಮಸಿ ಪರಿಷತ್ತಿನದು. ಅಮೆರಿಕದಲ್ಲಿ 10 ಅಂಕಿಯ ಎನ್‌ಪಿಐ ಸಂಖ್ಯೆ, ಬ್ರಿಟನ್ನಿನಲ್ಲಿ 7 ಅಂಕಿಯ ಜಿಎಂಸಿ ಸಂಖ್ಯೆ. ಇದಾದ ಮೇಲೆ ಪ್ರತಿ ಸರ್ವೆಯ ಆರಂಭದಲ್ಲೂ ಪ್ರಶ್ನೆಗಳ ಜರಡಿ: ತರಬೇತಿ ಮುಗಿಸಿ ಎಷ್ಟು ವರ್ಷವಾಯಿತು? ಕೆಲಸದ ಅವಧಿಯಲ್ಲಿ ಎಷ್ಟು ಪಾಲು ನೇರವಾಗಿ ರೋಗಿಗಳನ್ನು ನೋಡುವುದಕ್ಕೆ ಹೋಗುತ್ತದೆ? ಕಳೆದ ತಿಂಗಳು ಟೈಪ್ 2 ಮಧುಮೇಹಿಗಳು ಎಷ್ಟು ಮಂದಿ ಬಂದರು? ಅವರಲ್ಲಿ ಇನ್ಸುಲಿನ್ ಮೇಲಿರುವವರೆಷ್ಟು? ನೀವಾಗಲಿ ಮನೆಯವರಾಗಲಿ ಔಷಧ ಕಂಪನಿಯ ನೌಕರರೇ? ಒಂದು ಉತ್ತರ ಅವರ ಲೆಕ್ಕಕ್ಕೆ ಹೊಂದದಿದ್ದರೂ ‘ಧನ್ಯವಾದ, ಈ ಸರ್ವೆಗೆ ನೀವು ಅರ್ಹರಲ್ಲ’ ಎಂಬ ಪರದೆ. ಐದು ನಿಮಿಷ ನೀರಿನಲ್ಲಿ ಹೋಮ. ಕೆಲವೊಮ್ಮೆ ಎಲ್ಲ ಸರಿಯಿದ್ದರೂ ‘ಕೋಟಾ’ ಭರ್ತಿಯಾಗಿರುತ್ತದೆ.

ಜರಡಿ ದಾಟಿದರೆ ಮುಂದಿನದು ಹಲವು ಬಗೆ. ಹದಿನೈದರಿಂದ ಮೂವತ್ತು ನಿಮಿಷದ ಆನ್‌ಲೈನ್ ಪ್ರಶ್ನಾವಳಿ ಅತಿ ಸಾಮಾನ್ಯ. ಮುಕ್ಕಾಲು ಗಂಟೆ, ಒಂದು ಗಂಟೆಯ ಫೋನ್ ಸಂದರ್ಶನಕ್ಕೆ ಸಂಭಾವನೆ ಹೆಚ್ಚು. ಆರೆಂಟು ವೈದ್ಯರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಗುಂಪು ಚರ್ಚೆಯೂ ಇದೆ. ರೋಗಿಗಳ ದಾಖಲೆ ನೋಡಿ, ಹೆಸರು–ವಿಳಾಸ ಬಿಟ್ಟು, ಯಾವ ಹಂತದಲ್ಲಿ ಯಾವ ಚಿಕಿತ್ಸೆ ಕೊಟ್ಟಿರಿ ಎಂದು ತುಂಬಿಸುವ ನಮೂನೆಗಳು ಮತ್ತೊಂದು ಬಗೆ. ಇಲ್ಲಿ ರೋಗಿಯ ಗುರುತು ಬಿಟ್ಟುಕೊಡುವಂತಿಲ್ಲ. ಅದು ವೈದ್ಯರ ವೃತ್ತಿಧರ್ಮಕ್ಕೇ ವಿರುದ್ಧ.

ಇನ್ನೊಂದು ವಿಷಯ ನನಗೆ ಹೊಸದಾಗಿತ್ತು. ಸಂದರ್ಶನದ ನಡುವೆ ವೈದ್ಯರು ‘ಈ ಮಾತ್ರೆ ಕೊಟ್ಟ ಒಬ್ಬರಿಗೆ ಮೈಯೆಲ್ಲ ದದ್ದು ಎದ್ದಿತ್ತು’ ಎಂದು ಮಾತಿಗೆ ಹೇಳಿದರೂ ಸಂದರ್ಶಕರು ಅದನ್ನು ಅಲ್ಲಿಗೇ ಬಿಡುವಂತಿಲ್ಲ. ಸರ್ವೆ ಮಾಡಿಸಿದ ಕಂಪನಿಯದೇ ಔಷಧವಾಗಿದ್ದರೆ ಅಡ್ಡಪರಿಣಾಮವೆಂದು ದಾಖಲಿಸಿ, ಆ ಕಂಪನಿಯ ಔಷಧ ಸುರಕ್ಷತಾ ವಿಭಾಗಕ್ಕೆ ತಲುಪಿಸಬೇಕು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಅದಕ್ಕೆ ಇರುವ ಗಡುವು ಒಂದು ಕೆಲಸದ ದಿನ. ಅಂದರೆ ಸರ್ವೆಯಲ್ಲಿ ಹೊರಬಿದ್ದ ಒಂದು ನಿಜವಾದ ಮಾತು ಔಷಧದ ಸುರಕ್ಷತಾ ಕಡತಕ್ಕೆ ಸೇರಬಲ್ಲದು.

ಟುಕಿ ಮತ್ತೆ ಸಿಕ್ಕರು!

ಅಕ್ಕನ ಪರದೆಯಲ್ಲಿ ನಾನು ಕಂಡ ಒಂದು ಬಗೆಯ ಪ್ರಶ್ನೆ ವಿಚಿತ್ರವಾಗಿತ್ತು. ಎರಡು ಕಾಲ್ಪನಿಕ ಔಷಧಗಳು. ಒಂದು ವಾರಕ್ಕೊಮ್ಮೆ ಚುಚ್ಚುಮದ್ದು, ಸಕ್ಕರೆ ಚೆನ್ನಾಗಿ ಇಳಿಸುತ್ತದೆ, ದುಬಾರಿ. ಇನ್ನೊಂದು ದಿನವೂ ನುಂಗುವ ಮಾತ್ರೆ, ಪರಿಣಾಮ ಸಾಧಾರಣ, ಅಗ್ಗ. ಯಾವುದನ್ನು ಬರೆಯುತ್ತೀರಿ? ಒತ್ತಿದ ಕೂಡಲೇ ಮತ್ತೆರಡು ಔಷಧಗಳು. ಈ ಸಲ ಬೆಲೆ, ಪರಿಣಾಮ ಅದಲುಬದಲು. ಹೀಗೆ ಹತ್ತು ಹನ್ನೆರಡು ಬಾರಿ.

ಇದಕ್ಕೆ ‘ಕಾಂಜಾಯಿಂಟ್’ ವಿಶ್ಲೇಷಣೆ ಎನ್ನುತ್ತಾರೆ. ‘ಬೆಲೆ ನಿಮಗೆ ಮುಖ್ಯವೇ?’ ಎಂದು ನೇರವಾಗಿ ಕೇಳಿದರೆ ಎಲ್ಲರೂ ‘ಹೌದು’ ಎನ್ನುತ್ತಾರೆ. ಪರಿಣಾಮ ಮುಖ್ಯವೇ? ಅದಕ್ಕೂ ಹೌದು. ಆದರೆ ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಾದಾಗ ಯಾವುದನ್ನು ಬಿಡುತ್ತಾರೆ ಎಂಬುದು ಮನಸ್ಸಿನ ನಿಜವಾದ ತೂಕ. ನೂರಾರು ವೈದ್ಯರ ಇಂಥ ಆಯ್ಕೆಗಳಿಂದ ಬೆಲೆಗೆಷ್ಟು ತೂಕ, ಪರಿಣಾಮಕ್ಕೆಷ್ಟು, ಅನುಕೂಲಕ್ಕೆಷ್ಟು ಎಂದು ಗಣಿತದಿಂದ ತೆಗೆಯುತ್ತಾರೆ. ಇದರ ಬೇರು 1964ರಲ್ಲಿ ಡಂಕನ್ ಲ್ಯೂಸ್ ಮತ್ತು ಜಾನ್ ಟುಕಿ ಬರೆದ ಒಂದು ಪ್ರಬಂಧದಲ್ಲಿದೆ. ಟುಕಿ ಎಂದರೆ ಯಾರು? ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಪರೀಕ್ಷೆಗೆ ನಮ್ಮ ನಿದ್ದೆ ಕೆಡಿಸುವ ಎಫ್‌ಎಫ್‌ಟಿ ಇದೆಯಲ್ಲ, 1965ರ ಆ ಕೂಲಿ–ಟುಕಿ ಅಲ್ಗಾರಿದಂನ ಟುಕಿಯೇ! ಜನರ ಆಯ್ಕೆಗಳನ್ನು ಹೀಗೆ ಲೆಕ್ಕಕ್ಕೆ ತರುವ ಸಿದ್ಧಾಂತ ಬೆಳೆಸಿದ ಡೇನಿಯಲ್ ಮ್ಯಾಕ್‌ಫ್ಯಾಡೆನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಕೈಗೆಷ್ಟು?

‘ಇದರಿಂದ ಮನೆ ನಡೆಯುತ್ತದೆಯೇ?’ ಎಂದರೆ ಇಲ್ಲ. ಅಕ್ಕನ ಮಾತಿನಲ್ಲಿ ಇದು ‘ಪೆಟ್ರೋಲ್ ದುಡ್ಡು’. ಒಂದು ತಿಂಗಳು ನಾಲ್ಕು ಸರ್ವೆ ಬಂದರೆ ಮತ್ತೊಂದು ತಿಂಗಳು ಒಂದೂ ಇಲ್ಲ. ಸಂಭಾವನೆ ನಿರ್ಧಾರವಾಗುವುದು ಮೂರು ವಿಷಯಗಳಿಂದ: ಎಷ್ಟು ಹೊತ್ತು ಬೇಕು, ಯಾವ ತಜ್ಞತೆ ಬೇಕು, ಯಾವ ದೇಶದ ವೈದ್ಯರು. ಆ ವೈದ್ಯರು ಅದೇ ಹೊತ್ತನ್ನು ತಮ್ಮ ವೃತ್ತಿಗೆ ಕೊಟ್ಟಿದ್ದರೆ ಎಷ್ಟು ಗಳಿಸುತ್ತಿದ್ದರೋ ಅದಕ್ಕೆ ಹೊಂದುವಂತಿರಬೇಕು, ಅದನ್ನು ಮೀರಿ ಧಾರಾಳವಾಗಿರಬಾರದು ಎಂಬುದು ಈ ಕ್ಷೇತ್ರ ಒಪ್ಪಿಕೊಂಡಿರುವ ನಿಯಮ. ಹಾಗಾಗಿಯೇ ಕ್ಯಾನ್ಸರ್ ತಜ್ಞರಿಗೂ ನರ್ಸ್‌ಗೂ ಒಂದೇ ಮೊತ್ತ ಬರುವುದಿಲ್ಲ.

ಬಂದ ಹಣ ಆದಾಯವೇ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಒಂದೇ ಸಂಸ್ಥೆ ಒಂದು ಹಣಕಾಸು ವರ್ಷದಲ್ಲಿ ಕೊಡುವ ವೃತ್ತಿಪರ ಶುಲ್ಕ 50 ಸಾವಿರ ರೂಪಾಯಿ ದಾಟಿದರೆ ಶೇ 10ರಷ್ಟು ಟಿಡಿಎಸ್ ಕಡಿತವಾಗುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30 ಸಾವಿರವಿತ್ತು. ಸರ್ಕಾರಿ ಸೇವೆಯಲ್ಲಿರುವ ವೈದ್ಯರು, ನರ್ಸ್‌ಗಳು ಹೊರಗಿನ ಸಂಭಾವನೆ ಪಡೆಯುವ ಮುನ್ನ ತಮ್ಮ ಸೇವಾ ನಡತೆ ನಿಯಮಗಳನ್ನು ನೋಡಿಕೊಳ್ಳಬೇಕು. ಖಾಸಗಿ ಆಸ್ಪತ್ರೆಯ ನೌಕರರು ನೇಮಕಾತಿ ಒಪ್ಪಂದವನ್ನು ಓದಿಕೊಳ್ಳಬೇಕು.

ಸಂಭಾವನೆಯೋ, ಆಮಿಷವೋ?

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು. ಔಷಧ ಕಂಪನಿಯ ದುಡ್ಡು ವೈದ್ಯರ ಜೇಬಿಗೆ ಹೋದರೆ ಅದು ಚೀಟಿ ಬರೆಯುವ ಕೈಯನ್ನು ಬದಲಿಸುವುದಿಲ್ಲವೇ? ಅನುಮಾನ ನ್ಯಾಯವಾದದ್ದೇ. ನಮ್ಮಲ್ಲಿ 2009ರ ಡಿಸೆಂಬರ್‌ನಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನೀತಿ ನಿಯಮಗಳಿಗೆ ತಿದ್ದುಪಡಿ ತಂದು, ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಪಡೆಯುವುದನ್ನು ನಿಷೇಧಿಸಿತು. ಅದೇ ನಿಯಮ ಸಲಹೆಗಾರರಾಗಿ, ಸಂಶೋಧಕರಾಗಿ ಕೆಲಸ ಮಾಡಲು ಅವಕಾಶವನ್ನೂ ಇಟ್ಟಿತು. ಆದರೆ ವೃತ್ತಿ ಸ್ವಾತಂತ್ರ್ಯಕ್ಕಾಗಲಿ ರೋಗಿಯ ಹಿತಕ್ಕಾಗಲಿ ಧಕ್ಕೆ ಬರಬಾರದು ಎಂಬ ಷರತ್ತಿನೊಂದಿಗೆ.

2022ರ ಫೆಬ್ರುವರಿಯಲ್ಲಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರಿಗೆ ಕೊಟ್ಟ ಉಡುಗೊರೆಗಳ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದಿತು. ಅಲ್ಲಿ ಪ್ರಶ್ನೆಯಲ್ಲಿದ್ದ ಮೊತ್ತ ಸುಮಾರು 4.72 ಕೋಟಿ ರೂಪಾಯಿ. ಪಡೆಯುವುದು ತಪ್ಪಾದರೆ ಕೊಟ್ಟದ್ದಕ್ಕೆ ವಿನಾಯಿತಿ ಕೇಳುವುದು ಹೇಗೆ ಎಂಬುದು ತೀರ್ಪಿನ ತಿರುಳು. 2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ನೀತಿ ಸಂಹಿತೆಯೂ ವೈದ್ಯರಿಗಾಗಲಿ ಅವರ ಕುಟುಂಬದವರಿಗಾಗಲಿ ಉಡುಗೊರೆ ಕೊಡಬಾರದೆಂದು ಹೇಳಿದೆ.

ಹಾಗಾದರೆ ಸರ್ವೆ ಹಣ ಯಾವ ಕಡೆಗೆ? ಗೆರೆ ಎಳೆಯುವುದು ಒಂದು ಸರಳ ಪ್ರಶ್ನೆಯಿಂದ ಸಾಧ್ಯ: ಕಂಪನಿಗೆ ಬೇಕಿರುವುದು ವೈದ್ಯರ ಉತ್ತರವೋ, ಅಥವಾ ವೈದ್ಯರೋ? ಸರಿಯಾದ ಸಂಶೋಧನೆಯಲ್ಲಿ ನಡುವೆ ಒಂದು ಸ್ವತಂತ್ರ ಸಂಸ್ಥೆ ಇರುತ್ತದೆ. ಸರ್ವೆ ಮಾಡಿಸಿದ ಕಂಪನಿ ಯಾವುದೆಂದು ವೈದ್ಯರಿಗೆ ಗೊತ್ತಿರುವುದಿಲ್ಲ. ಉತ್ತರ ಕೊಟ್ಟ ವೈದ್ಯರು ಯಾರೆಂದು ಕಂಪನಿಗೆ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 2010ರ ‘ಸನ್‌ಶೈನ್’ ಕಾನೂನಿನಂತೆ ಕಂಪನಿಗಳು ವೈದ್ಯರಿಗೆ ಕೊಟ್ಟ ಹಣದ ವಿವರ 2014ರಿಂದ ಸಾರ್ವಜನಿಕರಿಗೆ ಸಿಗುತ್ತಿದೆ. ಆದರೆ ಮೂರನೆಯ ಸಂಸ್ಥೆಯ ಮೂಲಕ ಹೋದ ಹಣದಲ್ಲಿ ವೈದ್ಯರ ಗುರುತು ಕಂಪನಿಗೆ ತಿಳಿಯದೇ ಇದ್ದರೆ ಅದನ್ನು ವರದಿ ಮಾಡಬೇಕಿಲ್ಲ. ಹೆಸರೇ ಗೊತ್ತಿಲ್ಲದವರನ್ನು ಕೊಂಡುಕೊಳ್ಳುವುದು ಹೇಗೆ?

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಕಂಪನಿಯ ಪ್ರತಿನಿಧಿಯೇ ಕ್ಲಿನಿಕ್ಕಿಗೆ ಬಂದು, ‘ನಮ್ಮ ಮಾತ್ರೆ ಹತ್ತು ರೋಗಿಗಳಿಗೆ ಕೊಟ್ಟು ಈ ಫಾರಂ ತುಂಬಿ, ಚೆಕ್ ತಗೊಳ್ಳಿ’ ಎಂದರೆ ಅದು ಸಂಶೋಧನೆಯ ವೇಷ ತೊಟ್ಟ ಮಾರಾಟ. ಔಷಧ ತಯಾರಕರ ಅಂತರರಾಷ್ಟ್ರೀಯ ಒಕ್ಕೂಟದ ನೀತಿ ಸಂಹಿತೆಯೇ ಇಂಥ ವೇಷಾಂತರ ಕೂಡದು ಎನ್ನುತ್ತದೆ. ಅಕ್ಕ ಅಂಥ ಫಾರಂ ಮುಟ್ಟುವುದಿಲ್ಲ. ‘ಸರ್ವೆ ಮುಗಿದ ಮೇಲೆ ನಾನು ಬರೆಯೋ ಚೀಟಿ ಬದಲಾದ್ರೆ ಅದು ಸರ್ವೆ ಅಲ್ಲ’ ಎಂಬುದು ಅವಳ ಲೆಕ್ಕ.

ಬಾಡಿಗೆ ಡಾಕ್ಟರ್‌ಗಳು

ಇನ್ನು ನಮ್ಮಂಥವರ ಮುಂದೆ ಬರುವ ಆಮಿಷದ ಮಾತು. ಟೆಲಿಗ್ರಾಂನಲ್ಲಿ ಓಡಾಡುವ ಕೆಲವು ಗ್ರೂಪ್‌ಗಳಲ್ಲಿ ‘ಡಾಕ್ಟರ್ ಐ.ಡಿ.’, ‘ವಿದೇಶಿ ನರ್ಸ್ ಅಕೌಂಟ್’ ಬಾಡಿಗೆಗೆ ಸಿಗುತ್ತದೆ ಎಂಬ ಜಾಹೀರಾತು ಬರುತ್ತದೆ. ಬೇರೆ ದೇಶದಲ್ಲಿರುವಂತೆ ಕಾಣಿಸುವ ಸಾಫ್ಟ್‌ವೇರ್ ಕೊಡುತ್ತಾರೆ, ಸ್ಕ್ರೀನರ್‌ಗೆ ಯಾವ ಉತ್ತರ ಒತ್ತಬೇಕೆಂದು ಹೇಳಿಕೊಡುತ್ತಾರೆ. ಬಂದ ಹಣದಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ‘ಯಾರಿಗೇನು ನಷ್ಟ? ದೊಡ್ಡ ಕಂಪನಿ, ಅವರಿಗೆ ದುಡ್ಡಿಗೇನು ಬರ’ ಎಂಬ ಸಮರ್ಥನೆ ನನ್ನ ಓರಗೆಯವರ ಬಾಯಲ್ಲೇ ಕೇಳಿದ್ದೇನೆ.

ನಷ್ಟ ಯಾರಿಗೆ ಎಂದು ಒಮ್ಮೆ ಯೋಚಿಸಿ. ಇನ್ಸುಲಿನ್ ಕುರಿತ ಒಂದು ಸರ್ವೆಯಲ್ಲಿ, ‘ರೋಗಿಗಳು ಡೋಸ್ ತಪ್ಪಿಸಲು ಮುಖ್ಯ ಕಾರಣವೇನು?’ ಎಂಬ ಪ್ರಶ್ನೆಯಿತ್ತು. ಮರೆವು, ಸೂಜಿಯ ಭಯ, ಬೆಲೆ ಎಂಬ ಆಯ್ಕೆಗಳಿದ್ದವು. ಅಕ್ಕ ಅದ್ಯಾವುದನ್ನೂ ಒತ್ತದೆ ‘ಇತರೆ’ ಎಂಬ ಪೆಟ್ಟಿಗೆಯಲ್ಲಿ ಬರೆದಳು: ‘ಮನೆಯಲ್ಲಿ ಫ್ರಿಜ್ ಇಲ್ಲ. ಕೆಲವರು ಮಣ್ಣಿನ ಮಡಕೆಯಲ್ಲಿ, ಒದ್ದೆ ಬಟ್ಟೆ ಸುತ್ತಿ ಇಡುತ್ತಾರೆ. ಬೇಸಿಗೆಯಲ್ಲಿ ಹಾಳಾಯಿತೇನೋ ಎಂದು ಹೆದರಿ ಚುಚ್ಚಿಕೊಳ್ಳುವುದನ್ನೇ ಬಿಡುತ್ತಾರೆ.’ ಈ ಎರಡು ಸಾಲಿಗಾಗಿಯೇ ಆ ಸರ್ವೆಗೆ ದುಡ್ಡು ಸುರಿದಿರುತ್ತಾರೆ. ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಬಾಡಿಗೆ ಐ.ಡಿ.ಯಿಂದ ‘ಮರೆವು’ ಎಂದು ಒತ್ತುವ ನೂರು ಮಂದಿ ಸೇರಿದರೆ ಈ ಎರಡು ಸಾಲು ಅಡಿಯಲ್ಲಿ ಹೂತುಹೋಗುತ್ತವೆ. ಕಂಪನಿ ಮಾತ್ರೆ ನೆನಪಿಸುವ ಆ್ಯಪ್ ಮಾಡುತ್ತದೆ. ಮಡಕೆಯ ಮುಂದೆ ಕುಳಿತ ಅಜ್ಜಿ ಹಾಗೆಯೇ ಉಳಿಯುತ್ತಾಳೆ.

ಇದು ಬರೀ ಊಹೆಯ ಮಾತಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಂಟು ಮಂದಿಯ ಮೇಲೆ ದೋಷಾರೋಪ ದಾಖಲಾಯಿತು. ಸುಮಾರು ಹತ್ತು ವರ್ಷ ನಕಲಿ ಸರ್ವೆ ಮಾಹಿತಿ ತಯಾರಿಸಿ, ಸುಮಾರು 1 ಕೋಟಿ ಡಾಲರ್‌ಗೆ ಗ್ರಾಹಕರಿಗೆ ಮಾರಿದರು ಎಂಬುದು ಆರೋಪ. ತಮ್ಮವರೆಂದು ಗೊತ್ತುಮಾಡಿಕೊಂಡು, ಸುಳ್ಳು ಉತ್ತರ ತುಂಬಲು ಬಳಸಿದವರನ್ನು ಅವರು ‘ಇರುವೆಗಳು’ ಎಂದು ಕರೆಯುತ್ತಿದ್ದರಂತೆ. ಬಾಡಿಗೆ ಐ.ಡಿ. ಹಿಡಿದ ಹುಡುಗನ ಸ್ಥಾನವೂ ಅದೇ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್‌ ಪ್ರಕಾರ, ಕಂಪ್ಯೂಟರ್ ಬಳಸಿ ಇನ್ನೊಬ್ಬರಂತೆ ನಟಿಸಿ ವಂಚಿಸಿದರೆ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕ್ಯಾಂಪಸ್ ಸಂದರ್ಶನದ ಹೊಸ್ತಿಲಲ್ಲಿರುವವರಿಗೆ ಒಂದು ಎಫ್‌ಐಆರ್ ಸಾಕು.

ದುಡ್ಡು ಕೇಳಿದರೆ ಅದು ಸರ್ವೆಯಲ್ಲ

ಇನ್ನೊಂದು ಬಲೆ ಇದಕ್ಕಿಂತ ಹಳೆಯದು. ಮೊದಲು ಮೂರು ‘ಟಾಸ್ಕ್’ ಮಾಡಿಸಿ 150 ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ‘ಪ್ರೀಮಿಯಂ ಸರ್ವೆಗೆ ಸಾವಿರ ಕಟ್ಟಿ, ಸಾವಿರದ ಮುನ್ನೂರು ಬರುತ್ತದೆ’ ಎನ್ನುತ್ತಾರೆ. ಆಮೇಲೆ ಐದು ಸಾವಿರ, ಆಮೇಲೆ ಇಪ್ಪತ್ತು. ಪರದೆಯ ಮೇಲೆ ಲಕ್ಷ ಕಾಣುತ್ತದೆ. ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೂಡಿಕೆ ಮತ್ತು ಇಂಥ ‘ಪಾರ್ಟ್‌ಟೈಂ ಟಾಸ್ಕ್’ ವಂಚನೆಯ 100ಕ್ಕೂ ಹೆಚ್ಚು ಜಾಲತಾಣಗಳನ್ನು ಒಂದೇ ಸಲಕ್ಕೆ ನಿರ್ಬಂಧಿಸಿತು. ಹೊಸವು ಮತ್ತೆ ಹುಟ್ಟುತ್ತಲೇ ಇವೆ.

ಅಸಲಿ–ನಕಲಿ ಗುರುತಿಸಲು ವೈದ್ಯರ ಸರ್ವೆಗಳೇ ನಮಗೆ ಒಳ್ಳೆಯ ಅಳತೆಗೋಲು. ಅಲ್ಲಿ ಹಣ ಹರಿಯುವುದು ಒಂದೇ ದಿಕ್ಕಿಗೆ: ಕೇಳಿದವರಿಂದ ಉತ್ತರಿಸಿದವರಿಗೆ. ನೋಂದಣಿ ಶುಲ್ಕ, ಠೇವಣಿ, ‘ಅನ್‌ಲಾಕ್’ ಶುಲ್ಕ ಯಾವುದೂ ಇರುವುದಿಲ್ಲ. ನೀವು ಯಾರು, ನಿಮಗೇನು ಗೊತ್ತು ಎಂಬುದನ್ನು ಅಲ್ಲಿ ಜರಡಿ ಹಿಡಿಯುತ್ತಾರೆ. ‘ಯಾರು ಬೇಕಾದರೂ ಸೇರಬಹುದು, ದಿನಕ್ಕೆ ಸಾವಿರಾರು ಗ್ಯಾರಂಟಿ’ ಎನ್ನುವುದಿಲ್ಲ. ಎಷ್ಟು ನಿಮಿಷ, ಎಷ್ಟು ಸಂಭಾವನೆ, ಮಾಹಿತಿ ಏನಾಗುತ್ತದೆ ಎಂದು ಮೊದಲೇ ಬರೆದಿರುತ್ತಾರೆ. ಒಟಿಪಿ, ಯುಪಿಐ ಪಿನ್, ಎಟಿಎಂ ಕಾರ್ಡಿನ ಹಿಂಬದಿಯ ಸಂಖ್ಯೆ ಕೇಳುವ ಪ್ರಶ್ನೆಯೇ ಇಲ್ಲ. ನಿಮ್ಮ ಬ್ಯಾಂಕ್ ಖಾತೆಗೆ ಬೇರೆಯವರ ಹಣ ಹಾಕಿಸಿಕೊಂಡು ಮುಂದಕ್ಕೆ ಕಳಿಸಿ ಎಂದರೆ ಅಲ್ಲಿಂದ ಎದ್ದು ಬನ್ನಿ. ವಂಚನೆಯ ಹಣ ಸಾಗಿಸುವ ಕೊಂಡಿ ನೀವಾಗುತ್ತೀರಿ. ಹಣ ಕಳೆದುಕೊಂಡಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಕೊಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಪ್ರಶ್ನೆಯ ಈ ಬದಿಯಲ್ಲಿ ನಾವು

ಉತ್ತರ ಕೊಟ್ಟು ಗಳಿಸುವ ಅರ್ಹತೆ ನಮಗಿನ್ನೂ ಬಂದಿಲ್ಲ ನಿಜ. ಆದರೆ ಪ್ರಶ್ನೆ ಕಟ್ಟುವ ಕಡೆ ಕೆಲಸವಿದೆ. ಪ್ರಶ್ನಾವಳಿಯನ್ನು ಕೋಡ್ ಮಾಡಬೇಕು: ಈ ಉತ್ತರ ಬಂದರೆ ಆ ಪ್ರಶ್ನೆಗೆ ಹಾರು, ಆ ಕೋಟಾ ತುಂಬಿದರೆ ನಿಲ್ಲಿಸು. ಬಂದ ಉತ್ತರಗಳಲ್ಲಿ ಕಳ್ಳರನ್ನು ಹಿಡಿಯಬೇಕು: ಇಪ್ಪತ್ತು ನಿಮಿಷದ ಸರ್ವೆಯನ್ನು ಮೂರು ನಿಮಿಷಕ್ಕೆ ಮುಗಿಸಿದವರು, ಎಲ್ಲದಕ್ಕೂ ‘ಸಿ’ ಒತ್ತಿದವರು, ಒಂದೇ ಯಂತ್ರದಿಂದ ಐದು ಹೆಸರಲ್ಲಿ ಬಂದವರು. ಆಮೇಲೆ ವಿಶ್ಲೇಷಣೆ, ವರದಿ.

ಈ ಕೆಲಸಗಳು ದೂರ ದೇಶದಲ್ಲಿಲ್ಲ. ಐಕ್ಯೂವಿಯಾ, ಝಡ್‌ಎಸ್ ಅಸೋಸಿಯೇಟ್ಸ್‌ನಂಥ ಸಂಸ್ಥೆಗಳಿಗೆ ಬೆಂಗಳೂರಿನಲ್ಲಿ ಕಚೇರಿಗಳಿವೆ. ಔಷಧ ಕಂಪನಿಗಳಿಗೆ ಸೇವೆ ಒದಗಿಸುವ ಇಂಡಿಜೀನ್ ಹುಟ್ಟಿದ್ದೇ 1998ರಲ್ಲಿ, ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದುವವರಿಗೆ ಎಸ್‌ಕ್ಯೂಎಲ್, ಪೈಥಾನ್ ಅಥವಾ ಆರ್, ಜೊತೆಗೆ ನಾವು ನಾಲ್ಕನೇ ಸೆಮಿಸ್ಟರ್‌ನಲ್ಲಿ ಪಾಸಾದರೆ ಸಾಕೆಂದು ಬದಿಗಿಟ್ಟ ಸಂಖ್ಯಾಶಾಸ್ತ್ರ – ಇವಿಷ್ಟು ಬುನಾದಿ. ಬಿ.ಫಾರ್ಮ, ನರ್ಸಿಂಗ್, ಜೀವವಿಜ್ಞಾನ ಓದಿದವರಿಗಂತೂ ಔಷಧದ ಭಾಷೆಯೇ ಬಂಡವಾಳ; ಅದರ ಮೇಲೆ ಎಕ್ಸೆಲ್ ಮತ್ತು ಸಂಖ್ಯಾಶಾಸ್ತ್ರ ಸೇರಿಸಿಕೊಂಡರೆ ಸಂದರ್ಶನದಲ್ಲಿ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ.

ಅದಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ಅಕ್ಕನ ಹದಿನೈದು ನಿಮಿಷಕ್ಕೆ ಬೆಲೆ ಬಂದದ್ದು ಆ ಹದಿನೈದು ನಿಮಿಷದಿಂದಲ್ಲ. ಎಂಬಿಬಿಎಸ್, ಎಂ.ಡಿ., ಒಂಬತ್ತು ವರ್ಷ ಒಪಿಡಿ, ಮಡಕೆಯಲ್ಲಿ ಇನ್ಸುಲಿನ್ ಇಡುವ ಮನೆಗಳ ಪರಿಚಯ – ಇಷ್ಟೆಲ್ಲ ಆ ಒಂದು ಉತ್ತರದ ಹಿಂದಿದೆ. ಸುಲಭ ಹಣದ ಲಿಂಕ್‌ಗಳು ನಮ್ಮಿಂದ ಕೊಳ್ಳಲು ಬರುವುದು ಬರೀ ಬೆರಳು ಮತ್ತು ಹೊತ್ತನ್ನು. ಅವೆರಡೂ ಎಲ್ಲರ ಬಳಿ ಇರುವುದರಿಂದ ಅವಕ್ಕೆ ಚಹಾ–ಬನ್ನಿನ ಬೆಲೆ. ಅದೇ ಹೊತ್ತನ್ನು ಯಾವುದಾದರೂ ಒಂದು ವಿಷಯದ ಒಳಹೊಕ್ಕು ನೋಡಲು ಕೊಟ್ಟರೆ – ಅದು ಮೋಟರ್ ವೈಂಡಿಂಗ್ ಇರಲಿ, ಅಡಿಕೆ ಸುಲಿಯುವ ಯಂತ್ರ ಇರಲಿ, ಸರ್ವರ್ ಕೆಟ್ಟಾಗ ಸರಿಮಾಡುವುದಿರಲಿ – ಹತ್ತು ವರ್ಷದ ಮೇಲೆ ಯಾರೋ ನಮ್ಮನ್ನು ಹುಡುಕಿಕೊಂಡು ಬಂದು, ‘ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?’ ಎಂದು ಕೇಳಬಹುದು. ಆಗ ಬೆಲೆ ಹೇಳುವ ಸರದಿ ನಮ್ಮದು.